ಕಮಲಕ್ಕ ಅಳಿಸಿದ ಜೋಡುಗೆರೆ

ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಬೇರೆಯವರ ಹೆಸರುಗಳನ್ನು ಕತ್ತರಿಸಿ, ಗೋಂದು ಹಚ್ಚಿ, ಒಂದು ಕೂದಲೆಳೆಯಷ್ಟೂ ಓರೆಯಾಗದ ಹಾಗೆ ಅಂಟಿಸಿದ ಹೆಂಗಸು ಕಾಪುವಿನ ಕಮಲಕ್ಕ. ಅವಳ ಹೆಸರು ಮಾತ್ರ ಎಲ್ಲಿಯೂ ಅಚ್ಚಾಗಲಿಲ್ಲ. ಹೋದ ವರ್ಷ, 2008ರ ಆಟಿ ತಿಂಗಳ ಮಳೆಯಲ್ಲಿ, ಅವಳು ತೀರಿಕೊಂಡಾಗ ಪೇಪರಿನಲ್ಲೂ ಬರಲಿಲ್ಲ. ಮಗ ಯಶ್ವಂತ್ ಕೊಡಬೇಕೆಂದಿದ್ದನಂತೆ, ಒಳ್ಳೆಯ ಫೋಟೋ ಸಿಗಲಿಲ್ಲವಂತೆ. ಫೋಟೋ ಇಲ್ಲದಿದ್ದರೆ ಹೆಸರಾದರೂ ಹಾಕಬಹುದಿತ್ತಲ್ಲ ಮಾರಾಯ! ಆ ಸಿಟ್ಟಿಗೇ ನಾನು ಪೆನ್ನು ಹಿಡಿದು ಕೂತದ್ದು.

ನಾನು ಜೆರ್ಟ್ರೂಡ್, ಶಿರ್ವದವಳು. ಮಣಿಪಾಲದ ಒಂದು ಸಣ್ಣ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದೆ. ಆ ಪ್ರೆಸ್ಸು ಈಗ ಇಲ್ಲ, ಕಟ್ಟಡದಲ್ಲಿ ಮೊಬೈಲ್ ಅಂಗಡಿ ಉಂಟು. ನನಗೆ ಕೋಪ ಮೂಗಿನ ತುದಿಯಲ್ಲಿ. ಬೇರೆಯವರ ತಪ್ಪು ಹುಡುಕಿಯೇ ಊಟ ಮಾಡಿದವಳಿಗೆ ಇನ್ನೆಂತ ಗುಣ ಬಂದೀತು? ಆದರೆ ಈ ಕಥೆಯಲ್ಲಿ ದೊಡ್ಡ ತಪ್ಪು ನನ್ನದು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಾಲಿಗೆ ತಿರುಗುವುದಿಲ್ಲ.

ಕಮಲಕ್ಕ ಕಾಪುವಿನಿಂದ ಬರುವುದು, ನಾನು ಶಿರ್ವದಿಂದ ಬರುವುದು. ಇಬ್ಬರೂ ಸೇರುವುದು ಕಟಪಾಡಿಯಲ್ಲಿ. ಎಂಟು ಗಂಟೆಯ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ನಮ್ಮಿಬ್ಬರದು, ಅದು ಕಂಡಕ್ಟರನಿಗೂ ಗೊತ್ತು. ಎದುರಿಗೆ ಮಾತಾಡುವಾಗ ‘ನೀವು’, ಹಿಂದಿನಿಂದ ಹೇಳುವಾಗ ‘ಅವಳು’. ಕ್ರಿಸ್ತರ ಹೆಂಗಸರನ್ನು ಇಲ್ಲಿ ‘ಬಾಯಿ’ ಎಂದು ಕರೆಯುವುದು, ನನ್ನನ್ನೂ ಹಾಗೆಯೇ. ಮೂವತ್ತು ವರ್ಷದ ಸ್ನೇಹ ಹಾಗೆಯೇ ನಡೆಯಿತು. ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೆ.

ಅವಳ ತಾಯಿ ಬುಟ್ಟಿ ಹೊತ್ತು ಮೀನು ಮಾರಿದವಳು. ಕಮಲಕ್ಕ ಹತ್ತನೆಯ ಕ್ಲಾಸು ಮುಗಿಸಿ, ಆರು ವರ್ಷ ಬಲೆ ಹೆಣೆದು, 1970ರಲ್ಲಿ ಪ್ರೆಸ್ಸಿಗೆ ಬಂದಳು. ಮೊದಲು ಅಚ್ಚಾದ ಹಾಳೆಗಳನ್ನು, ಅಂದರೆ ಫಾರಂ ಮಡಚುವ ಕೆಲಸ. ಒಂದು ದಿನ ಆರ್ಟ್ ವಿಭಾಗದವರು ರಜೆಯಲ್ಲಿದ್ದಾಗ ಒಂದು ಕೋಷ್ಟಕಕ್ಕೆ ಗೆರೆ ಹಾಕಲು ಯಾರೂ ಇರಲಿಲ್ಲ. ಇವಳು ಪೆನ್ನು ತೆಗೆದುಕೊಂಡು, ಉಸಿರು ಬಿಗಿಹಿಡಿದು, ನಲವತ್ತು ಗೆರೆ ಎಳೆದಳು. ಒಂದೂ ಅಲುಗಲಿಲ್ಲ. ಆವತ್ತಿನಿಂದ ಅವಳ ಜಾಗ ಪೇಸ್ಟಿಂಗ್ ಮೇಜು: ಕೆಳಗೆ ಟ್ಯೂಬ್‌ಲೈಟು, ಮೇಲೆ ಗಾಜು, ಬದಿಯಲ್ಲಿ ಗೋಂದು, ಅರ್ಧ ಬ್ಲೇಡು. ಆ ಅರ್ಧ ಬ್ಲೇಡು ಮನೆಗೂ ಹೋಗುತ್ತಿತ್ತು, ಕನ್ನಡಕದ ಡಬ್ಬಿಯೊಳಗೆ. ಶಾಯಿ ತಪ್ಪಿದಲ್ಲಿ ಅದರಿಂದ ಕೆರೆದರೆ, ಅಲ್ಲಿ ಶಾಯಿ ಇತ್ತೆಂದು ದೇವರಿಗೂ ಗೊತ್ತಾಗಬಾರದು. ಗೊತ್ತಾದರೆ ಆ ಹಾಳೆಯನ್ನೇ ಬಿಸಾಡಿ ಮತ್ತೆ ಬರೆಯುತ್ತಿದ್ದಳು. ಅರ್ಧಂಬರ್ಧ ಕೆಲಸ ಕಂಡರೆ ಅವಳಿಗೆ ಮೈಯೆಲ್ಲ ತುರಿಕೆ.

ಆ ಗೋಂದಿನ ವಾಸನೆ, ನಾಲ್ಕು ಗಂಟೆಯ ಚಹಾ, ಪೇಪರಿನಲ್ಲಿ ಕಟ್ಟಿ ತಂದ ಬಿಸಿ ಗೋಳಿಬಜೆ! ಎಣ್ಣೆ ಕೈಯಲ್ಲಿ ಪ್ರೂಫ್ ಮುಟ್ಟಬಾರದೆಂದು ಕಮಲಕ್ಕ ನನ್ನ ಬಾಯಿಗೇ ಹಾಕುತ್ತಿದ್ದಳು. ಈಗ ಗೋಳಿಬಜೆ ತಿಂದರೆ ಎದೆ ಉರಿಯುತ್ತದೆ. ನೆನಪಾದರೂ ಉರಿಯುತ್ತದೆ, ಅದು ಬೇರೆ ಉರಿ.

1998ರ ಜೂನಿನಲ್ಲಿ ಒಂದು ದೊಡ್ಡ ಕಟ್ಟು ಬಂತು. ಸ್ಕಾಟ್ಲೆಂಡಿನ ಲೇಡಿ ಮೊರಾಗ್ ಎನ್ನುವವಳು ಬರೆದ ತನ್ನ ಮನೆತನದ ಚರಿತ್ರೆ, ಮುನ್ನೂರು ಪುಟ. ಡನ್‌ಶೀಲ್ ಅಂತ ಊರು, ಊರಿನ ಹೆಸರಿನದೇ ಕೋಟೆಯಂಥ ಮನೆ, ಹದಿನೈದು ತಲೆಮಾರು. ಆ ಕಾಲಕ್ಕೆ ಪರದೇಶದ ಪುಸ್ತಕಗಳ ಅಕ್ಷರ ಜೋಡಣೆ ಮಣಿಪಾಲಕ್ಕೆ ಬರುತ್ತಿತ್ತು. ಪುಸ್ತಕದ ಕೊನೆಗೆ ಒಂದು ವಂಶವೃಕ್ಷ ಬೇಕಿತ್ತು, ಮಡಚಿಡುವ ದೊಡ್ಡ ಹಾಳೆ. ಲೇಡಿ ಅದನ್ನು ಪೆನ್ಸಿಲಿನಲ್ಲಿ ಬರೆದು ಕಳಿಸಿದ್ದಳು. ಮೂರು ಕಾಗದ ಅಂಟಿಸಿ, ಹೆಸರು ಹೊಡೆದುಹಾಕಿ, ಬಾಣ ಹಾಕಿ, ಮತ್ತೆ ಹೊಡೆದುಹಾಕಿ. ಎಪ್ಪತ್ತು ದಾಟಿದ ಮುದುಕಿಯ ಕೈ.

ನಮ್ಮ ಮ್ಯಾನೇಜರ್ ತಾರಾನಾಥ, ಕಡಿಯಾಳಿಯವರು, ಕಮಲಕ್ಕನನ್ನು ಕರೆದು ಹೇಳಿದರು: “ಕಮಲಕ್ಕ, ದೀಪಾವಳಿಗೆ ಪೇಸ್ಟಿಂಗ್ ವಿಭಾಗ ಮುಚ್ಚುತ್ತದೆ. ಇನ್ನು ಎಲ್ಲ ಕಂಪ್ಯೂಟರಿನಲ್ಲೇ. ನಿಮ್ಮಲ್ಲಿ ಒಬ್ಬರನ್ನು ಮಾತ್ರ ಕಂಪ್ಯೂಟರಿಗೆ ಹಾಕಲು ಮೇಲಿನವರು ಒಪ್ಪಿದ್ದಾರೆ. ಈ ಕೆಲಸ ಚಂದ ಆದರೆ ಅದು ನೀವು. ಕೆಟ್ಟರೆ ನನ್ನ ಕೈಯಲ್ಲಿ ಎಂತದೂ ಇಲ್ಲ.”

ಕಮಲಕ್ಕನಿಗೆ ಆಗ ಐವತ್ತೊಂದು. ಗಂಡ ಮಲ್ಪೆಯಲ್ಲಿ ಬೋಟಿನಲ್ಲಿ, ವಾರಕ್ಕೊಮ್ಮೆ ಬಂದರೆ ಬಂದ. ಮಕ್ಕಳು ಇಬ್ಬರು. ದೊಡ್ಡವ ಕಿಟ್ಟ ತಂದೆಯ ಜೊತೆ ಬೋಟಿಗೆ ಹೋಗುತ್ತಿದ್ದ, ಯಶ್ವಂತ್ ಕಟಪಾಡಿಯಲ್ಲಿ ರಿಕ್ಷಾ ಓಡಿಸುತ್ತಿದ್ದ. ಅನ್ನಕ್ಕೆ ತತ್ವಾರ ಇರಲಿಲ್ಲ. ಆದರೂ ಅವಳು ಬಸ್ಸಿನಲ್ಲಿ ನನ್ನ ಕೈ ಹಿಡಿದು, “ಜೆರ್ಟಿ ಬಾಯಿ, ಈ ಮೇಜು ಬಿಟ್ಟರೆ ನನಗೆ ನನ್ನದು ಅಂತ ಎಲ್ಲಿಯೂ ಜಾಗ ಇಲ್ಲ” ಎಂದಳು.

ಯಾಕೆ ಹಾಗೆಂದಳು ಎನ್ನುವುದು ನನಗೆ ಗೊತ್ತಿತ್ತು. ಅವರಲ್ಲಿ ಸಂತಾನ ನಡೆಯುವುದು ತಾಯಿಯಿಂದ ಮಗಳಿಗೆ. ಮಗ ಮನೆಯವನೇ, ಆದರೆ ಅವನ ಮಕ್ಕಳು ಅವನ ಹೆಂಡತಿಯ ಮನೆಯವರು. ಒಬ್ಬ ತಾಯಿಯಿಂದ ಒಡೆದ ಕವಲಿಗೆ ‘ಕವರು’ ಎನ್ನುತ್ತಾರೆ. ಹಿಂದಿನ ವರ್ಷ ಕಾಪುವಿನ ಕುಟುಂಬದ ಮನೆಯ ಪಾಲಾಯಿತು. ಪಾಲಿನ ಕಾಗದದಲ್ಲಿ ಕಮಲಕ್ಕನ ಹೆಸರಿನ ಮುಂದೆ ‘ನಿಸ್ಸಂತತಿ ಕವರು’ ಎಂದು ಬರೆದಿದ್ದರು. ವಯಸ್ಸು ಐವತ್ತು, ಹೆಣ್ಣುಮಕ್ಕಳಿಲ್ಲ, ಹಾಗಾಗಿ ಸಂತತಿ ಇಲ್ಲ, ಪಾಲು ಅವಳಿರುವ ತನಕ ಮಾತ್ರ. ಪಕ್ಕದಲ್ಲೇ ಇಬ್ಬರು ಮಕ್ಕಳು ಕಂಬದ ಹಾಗೆ ನಿಂತಿದ್ದಾರೆ! ಅದನ್ನು ಓದಿ ಹೇಳಿದವನು ಅವಳ ಸ್ವಂತ ಸೋದರಮಾವ. ಕಮಲಕ್ಕ ಹೆಬ್ಬೆಟ್ಟು ಒತ್ತುವವಳಲ್ಲ, ಮುದ್ದಾಗಿ ಸಹಿ ಹಾಕಿ ಬಂದಳು. ಮರುದಿನ ಬಸ್ಸಿನಲ್ಲಿ ನನಗೆ ಹೇಳಿದಳು.

ಲೇಡಿಯ ಚರಿತ್ರೆಯನ್ನು ನಾನು ಮನೆಗೂ ಒಯ್ಯಬೇಕಾಗಿತ್ತು, ಅಷ್ಟು ತಪ್ಪುಗಳು. ಬಸ್ಸಿನಲ್ಲೂ ತೆರೆಯುತ್ತಿದ್ದೆ. ಕಮಲಕ್ಕನಿಗೆ ಇಂಗ್ಲಿಷ್ ಅಕ್ಷರ ಗೊತ್ತು, ಓಟದಲ್ಲಿ ಓದಲು ಬಾರದು. “ಎಂತ ಬರೆದಿದ್ದಾಳೆ, ಹೇಳಿ” ಎಂದು ಕೇಳಿದಳು. ಹಾಗೆ ಶುರುವಾದದ್ದು ಆ ಮಳೆಗಾಲವಿಡೀ ನಡೆಯಿತು. ಹೊರಗೆ ಜಡಿಮಳೆ, ಕಿಟಕಿಗೆ ಟರ್ಪಾಲು, ಒಳಗೆ ನಾನು ಡನ್‌ಶೀಲ್ ಮನೆತನದ ಕಥೆಯನ್ನು ತುಳುವಿನಲ್ಲಿ ಹೇಳುತ್ತಿದ್ದೆ. ಹಿಂದಿನ ಸೀಟಿನ ಮೀನಿನ ಹೆಂಗಸರೂ ಮುಂದಕ್ಕೆ ಬಾಗಿ ಕೇಳುತ್ತಿದ್ದರು.

ಇಸೊಬೆಲ್ ಅಂತ ಒಬ್ಬಳಿದ್ದಳು. ಗಂಡ ಯುದ್ಧಕ್ಕೆ ಹೋದಾಗ ಶತ್ರುಗಳು ಬಂದರು. ಆಸ್ತಿಯ ಕಾಗದದ ಪೆಟ್ಟಿಗೆಯನ್ನು ಅವಳು ಕೆಸರಿನಲ್ಲಿ ಹೂತು, ಅದರ ಮೇಲೆ ದನ ಕಟ್ಟಿ, ಹಾಲು ಕರೆಯುತ್ತಾ ಕೂತಳಂತೆ. “ಅವಳು ನಮ್ಮ ಕುಟುಂಬದ ದುಗ್ಗಜ್ಜಿಯ ಜಾತಿ” ಎಂದು ಕಮಲಕ್ಕ ತೊಡೆ ತಟ್ಟಿದಳು. ಎಲ್ಸ್‌ಪೆತ್ ಅಂತ ಇನ್ನೊಬ್ಬಳು. ಗಂಡ ಕುಡಿದು ಹೊಲವನ್ನೆಲ್ಲ ಹಾಳು ಮಾಡಿದ ಮೇಲೆ ಬೆಣ್ಣೆ ಮಾರಿ ಮನೆ ಉಳಿಸಿದವಳು. “ಗಂಡಸರು ಎಂತ ಮಾಡಿದರು ಆ ಮನೆಯಲ್ಲಿ?” “ಸತ್ತರು” ಎಂದೆ ನಾನು. ಇಡೀ ಬಸ್ಸು ನಕ್ಕಿತು. ಲೇಡಿ ಮೊರಾಗ್‌ಗೆ ಅವಳು ‘ಮೊರಾಗಕ್ಕ’ ಎಂದು ಹೆಸರಿಟ್ಟಳು. ತಂದೆಗೆ ಒಬ್ಬಳೇ ಮಗಳು ಮೊರಾಗಕ್ಕ. ಅವಳಿಗೆ ಮೂವರು ಹೆಣ್ಣುಮಕ್ಕಳು, ಮೊಮ್ಮಕ್ಕಳು ಐವರೂ ಹೆಣ್ಣು. ಅದನ್ನು ಕೇಳಿದಾಗ ಕಮಲಕ್ಕ ಒಂದು ದೊಡ್ಡ ಉಸಿರು ಬಿಟ್ಟು, “ಪುಣ್ಯವಂತೆ” ಎಂದಳು. ಆ ಉಸಿರು ನನಗೆ ಆವತ್ತೇ ಅರ್ಥವಾಗಬೇಕಿತ್ತು.

ಸೆಪ್ಟೆಂಬರ್ ಏಳಕ್ಕೆ ವೃಕ್ಷದ ಪ್ರೂಫ್ ಸ್ಕಾಟ್ಲೆಂಡಿಗೆ ಹೋಗಬೇಕಿತ್ತು. ಮರುದಿನ ಎಂಟು, ನಮ್ಮ ಮೊಂತಿ ಹಬ್ಬ, ಮೇರಿ ಮಾತೆ ಹುಟ್ಟಿದ ದಿನ. ಹೊಸ ಅಕ್ಕಿಯ ಊಟ, ಮನೆ ತುಂಬ ಜನ, ಅಣ್ಣ ಜೋಕಿಮ್ ಸಂಸಾರ ಸಮೇತ ಮುಂಬೈಯಿಂದ ಬಂದಿದ್ದ. ಅವನ ಹೆಂಡತಿಗೆ ಒಂದು ತೆಂಗಿನಕಾಯಿ ಒಡೆಯಲೂ ಬಾರದು. ತರಕಾರಿ ತರಬೇಕು, ಇಗರ್ಜಿಗೆ ಮಕ್ಕಳ ಹೂವಿನ ಬುಟ್ಟಿ ಆಗಬೇಕು, ಎಲ್ಲ ನನ್ನ ತಲೆಯ ಮೇಲೆ. ಮೂರು ಗಂಟೆಗೆ ಕಮಲಕ್ಕ ಹಾಳೆ ತಂದಿಟ್ಟಳು. ದೇವರೇ, ಎಷ್ಟು ಚಂದ! ಜೇಡರ ಬಲೆಯ ಹಾಗೆ ತೆಳು, ನೆಟ್ಟಗೆ. ಮೇಲೆ ಒಂದು ಚೀಟಿ ಪಿನ್ ಮಾಡಿತ್ತು. ಅನುಮಾನ ಇದ್ದಲ್ಲಿ ಚೀಟಿ ಹಚ್ಚುವುದು, ಪ್ರೂಫಿನವಳು ಓದಿ ಉತ್ತರ ಬರೆಯುವುದು ನಮ್ಮ ಪ್ರೆಸ್ಸಿನ ಕ್ರಮ. “ಬಾಯಿ, ಚೀಟಿ ನೋಡಿಯೇ ಸಹಿ ಹಾಕಿ” ಎಂದಳು. “ಆಯ್ತು ಮಾರಾಯ್ರೆ” ಎಂದೆ. ಹೆಸರುಗಳ ಅಕ್ಷರ ಮಾತ್ರ ನೋಡಿದೆ. ಚೀಟಿ ಕಿತ್ತು ಪರ್ಸಿಗೆ ತುರುಕಿದೆ, ಸಹಿ ಹಾಕಿದೆ, ಮೂರೂವರೆಯ ಬಸ್ಸಿಗೆ ಓಡಿದೆ.

ಮೂರು ವಾರ ಕಳೆದು ಫ್ಯಾಕ್ಸ್ ಬಂತು. ಕಳಿಸಿದವನು ಲೇಡಿಯ ಪುಸ್ತಕ ನೋಡಿಕೊಳ್ಳುವ ಏಜೆಂಟ್. ಹದಿನೇಳು ತಪ್ಪು, ಇದನ್ನು ಮಾಡಿದ್ದು ಯಾರು, ನಿಮ್ಮ ಜೊತೆ ಇನ್ನು ವ್ಯವಹಾರ ಬೇಕೇ ಬೇಡವೇ ಯೋಚಿಸುತ್ತೇವೆ. ತಾರಾನಾಥ ಸರ್ ಮುಖ ಬದನೆಕಾಯಿಯ ಬಣ್ಣ. ಕಮಲಕ್ಕನನ್ನೂ ನನ್ನನ್ನೂ ಕರೆದು ಹಾಳೆಯ ಪ್ರತಿ ಮೇಜಿನ ಮೇಲೆ ಹರಡಿದರು.

ಆವತ್ತು ನಾನು ಆ ವೃಕ್ಷವನ್ನು ಮೊದಲ ಸಲ ಸರಿಯಾಗಿ ನೋಡಿದೆ. ಲೇಡಿ ಮೊರಾಗ್‌ಳ ಸೂಚನೆ ಇದ್ದದ್ದು ಒಂದೇ ಸಾಲು: ಮನೆತನ ಎಲ್ಲಿ ಮುಗಿಯಿತೋ ಆ ಹೆಸರಿನ ಕೆಳಗೆ ಜೋಡುಗೆರೆ. ಅವಳು ಗೆರೆ ಹಾಕಿದ್ದು ಗಂಡುಮಕ್ಕಳಿಲ್ಲದವರ ಕೆಳಗೆ. ಕೊನೆಯ ಗೆರೆ ಅವಳದೇ ಹೆಸರಿನ ಕೆಳಗೆ, ಮೂವರು ಹೆಣ್ಣುಮಕ್ಕಳನ್ನು ಬದಿಗೆ ಸಣ್ಣದಾಗಿ ಬರೆದು. ಕಮಲಕ್ಕ ಆ ಗೆರೆಗಳನ್ನೆಲ್ಲ ತೆಗೆದಿದ್ದಳು. ಬಸ್ಸಿನಲ್ಲಿ ಕೇಳಿದ ಹೆಸರುಗಳನ್ನು ಪುಸ್ತಕದಿಂದ ಹೆಕ್ಕಿ, ಹೆಣ್ಣುಮಕ್ಕಳಿಂದ ಕೆಳಕ್ಕೆ ಕೊಂಬೆ ಇಳಿಸಿದ್ದಳು. ಬರೀ ಗಂಡುಮಕ್ಕಳಿದ್ದವರ ಕೆಳಗೆ ಜೋಡುಗೆರೆ ಎಳೆದಿದ್ದಳು. ಏಳನೆಯ ದೊರೆ, ಪುಸ್ತಕದಲ್ಲಿ ಕುದುರೆ ಮೇಲೆ ಕೂತ ಚಿತ್ರ ಇರುವವನು, ತನ್ನ ತಾಯಿಯ ಹೆಸರಿನ ಕೆಳಗೆ ಒಂದು ಮೂಲೆಯಲ್ಲಿ ಹೋಗಿ ಕೂತಿದ್ದ. ಮೊರಾಗಕ್ಕನ ಹೆಸರಿನಿಂದ ಮೂರು ಕೊಂಬೆ, ಅದರಿಂದ ಐದು, ಹಾಳೆಯ ಅಂಚಿನವರೆಗೆ.

“ಎಂತ ಮಾಡಿದ್ದು ಇದು ಕಮಲಕ್ಕ?” ಎಂದರು ತಾರಾನಾಥ ಸರ್.

“ಮುದುಕಿ ಕಣ್ಣು ಕಾಣದೆ ಗೆರೆ ತಪ್ಪಿಸಿದ್ದಾಳೆ ಅಂತ ಮಾಡಿದೆ. ಮೂವರು ಹೆಣ್ಣುಮಕ್ಕಳಿರುವ ಮನೆ ಮುಗಿಯುವುದು ಹೇಗೆ ಸರ್?”

“ಬೇರೆಯವರಲ್ಲಿ ತಂದೆಯ ಕಡೆಯಿಂದ ಅಂತ ನಿಮಗೆ ಗೊತ್ತಿಲ್ವಾ?”

“ಗೊತ್ತುಂಟು. ಆದರೆ ಆ ಮನೆ ಉಳಿಸಿದ್ದೆಲ್ಲ ಹೆಂಗಸರೇ ಅಂತ ಅವಳೇ ಬರೆದಿದ್ದಾಳೆ. ಈಗ ಯಜಮಾನಿಯೂ ಹೆಂಗಸು. ಹಾಗಾದರೆ ನಮ್ಮ ಕ್ರಮದ್ದೇ ಇರಬೇಕು ಅಂತ ತಿಳಿದೆ.”

“ಕೇಳಲಿಕ್ಕೆ ಆಗಲಿಲ್ವಾ? ಒಂದು ಚೀಟಿ ಹಚ್ಚಲಿಕ್ಕೆ ಎಂತ ಕಷ್ಟ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನನ್ನ ಕೈ ಪರ್ಸಿಗೆ ಹೋಯಿತು. ಕಮಲಕ್ಕ ನನ್ನತ್ತ ನೋಡಲಿಲ್ಲ. “ಮರೆತುಹೋಯಿತು ಸರ್” ಎಂದಳು. “ಬಾಯಿ ಸಹಿ ಹಾಕಿದ ಮೇಲೆ ನಾನು ಗೆರೆಗಳನ್ನು ಬದಲಾಯಿಸಿದ್ದು. ಬಾಯಿಯ ತಪ್ಪಿಲ್ಲ.”

ಹಸಿ ಸುಳ್ಳು! ಊರಿಗೆಲ್ಲ ಉಪದೇಶ ಮಾಡುವ ನನ್ನ ಬಾಯಿ ಆವತ್ತು ಹೊಲಿದ ಹಾಗೆ ಮುಚ್ಚಿತ್ತು. “ನಾಳೆಯಿಂದ ಬರುವುದು ಬೇಡ, ಅವರ ಉತ್ತರ ನೋಡಿ ಹೇಳುತ್ತೇನೆ” ಎಂದರು ಸರ್. ಕಮಲಕ್ಕ ಮೇಜು ಒರೆಸಿ, ಪೆನ್ನುಗಳನ್ನು ತೊಳೆದು ಸಾಲಾಗಿ ಇಟ್ಟು ಹೋದಳು.

ಎರಡು ದಿನ ನಾನು ಆ ಸೀಟಿನಲ್ಲಿ ಒಬ್ಬಳೇ ಕೂತೆ. ಕಂಡಕ್ಟರ್ “ನಿಮ್ಮ ಜೋಡಿ ಎಲ್ಲಿ ಬಾಯಮ್ಮ?” ಎಂದು ಕೇಳಿದ. ಎರಡನೆಯ ದಿನ ಸಂಜೆ ಮನೆಯಲ್ಲಿ ಪರ್ಸ್ ಕೊಡವಿದೆ. ಹಬ್ಬದ ದಿನದ ಒಣಗಿದ ಹೂವಿನ ಎಸಳುಗಳ ಜೊತೆ ಚೀಟಿ ಬಿತ್ತು. ಮುದ್ದು ಕನ್ನಡ ಅಕ್ಷರ: ‘ಜೋಡುಗೆರೆ ಹದಿನೇಳು ಕಡೆ ತಪ್ಪಿದಂತೆ ಕಾಣುತ್ತದೆ. ನನಗೆ ತಿಳಿದಂತೆ ಸರಿ ಮಾಡಿದ್ದೇನೆ. ಅವರಲ್ಲಿ ಕೇಳದೆ ಕಳಿಸಬೇಡಿ. – ಕಮಲ.’ ನಾನು ನೆಲದ ಮೇಲೆ ಕೂತು ಅತ್ತೆ. ಅಳುವುದು ಸುಲಭ. ಮರುದಿನ ಬೆಳಿಗ್ಗೆ ಆ ಚೀಟಿಯನ್ನು ತಾರಾನಾಥ ಸರ್ ಮೇಜಿನ ಮೇಲಿಟ್ಟೆ. ಅವರು ಓದಿ, ನನ್ನನ್ನು ನೋಡಿ, “ನೀವಾ ಬಾಯಿ?” ಎಂದರು. ಅಷ್ಟೇ. ಅವರು ಬೈದಿದ್ದರೆ ಚೆನ್ನಾಗಿತ್ತು.

ಚೀಟಿಯಿಂದ ತಪ್ಪು ನನ್ನ ತಲೆಗೆ ಬಂತು, ಸರಿ. ಆದರೆ ಕಮಲಕ್ಕನ ಮೇಜು ವಾಪಸ್ಸು ಬರಲಿಲ್ಲ. ಗಿರಾಕಿ ಕೈಬಿಟ್ಟರೆ ಇಬ್ಬರಿಗೂ ಮನೆ, ಲೇಡಿ ಏನು ಬರೆಯುತ್ತಾಳೋ ಅದರ ಮೇಲೆ ಎಂದು ಮೇಲಿನವರು ಹೇಳಿದರಂತೆ. ಆ ಭಾನುವಾರ ನಾನು ಇಗರ್ಜಿಯಲ್ಲಿ ಪೂಜೆ ಮುಗಿಸಿ ನೇರ ಕಾಪುವಿಗೆ ಹೋದೆ. ಕಮಲಕ್ಕ ಅಂಗಳದಲ್ಲಿ ಕಿಟ್ಟನ ಬಲೆ ಹರಡಿಕೊಂಡು ಕೂತಿದ್ದಳು.

“ಯಾಕೆ ಸುಳ್ಳು ಹೇಳಿದಿರಿ?” ಎಂದು ರೇಗಿದೆ. ತಪ್ಪು ನನ್ನದು, ರೇಗುವುದೂ ನಾನೇ!

“ನಿಮಗೆ ಸುಳ್ಳು ಹೇಳಲಿಕ್ಕೆ ಬರುವುದಿಲ್ಲ. ಸತ್ಯ ಹೇಳಲಿಕ್ಕೆ ಎರಡು ದಿನ ಬೇಕು. ನಡುವಿನಲ್ಲಿ ಯಾರಾದರೂ ಎಂತಾದರೂ ಹೇಳಬೇಕಲ್ಲ” ಎಂದಳು. ಆಮೇಲೆ ಒಳಗೆ ಹೋಗಿ ಒಣ ಸಿಗಡಿಯ ಪೊಟ್ಟಣ ತಂದು ನನ್ನ ಚೀಲದಲ್ಲಿ ಹಾಕಿದಳು.

ಅಕ್ಟೋಬರ್ ಕೊನೆಗೆ ಲೇಡಿ ಮೊರಾಗ್‌ಳ ಸ್ವಂತ ಪತ್ರ ಬಂತು, ಮೂರು ಪುಟ. ತಾರಾನಾಥ ಸರ್ ಕಮಲಕ್ಕನನ್ನು ಕರೆಸಿದರು. ದೀಪಾವಳಿ ಆಗಿಹೋಗಿತ್ತು, ಪೇಸ್ಟಿಂಗ್ ವಿಭಾಗದ ಗಾಜಿನ ಮೇಜುಗಳನ್ನು ಗೋಡೆಗೆ ನಿಲ್ಲಿಸಿದ್ದರು. ನಾನು ನಿಂತು ಓದಿದೆ, ಒಂದೊಂದೇ ಸಾಲನ್ನು ತುಳುವಿಗೆ ತಿರುಗಿಸುತ್ತಾ.

ವೃಕ್ಷ ಹದಿನೇಳು ಕಡೆ ತಪ್ಪು ಎಂದು ಬರೆದಿದ್ದಳು. ಮೊದಲು ನೋಡಿದಾಗ ಕೋಪದಿಂದ ಕನ್ನಡಕ ಎಸೆದಳಂತೆ. ಸಂಜೆ ಮೂವರು ಹೆಣ್ಣುಮಕ್ಕಳು ಬಂದಾಗ ಚಿಕ್ಕವಳು ಆ ಹಾಳೆ ಎತ್ತಿಕೊಂಡು ತುಂಬ ಹೊತ್ತು ನೋಡಿದಳಂತೆ. ಆಮೇಲಿನದನ್ನು ಅವಳ ಮಾತಿನಲ್ಲೇ ಹೇಳುತ್ತೇನೆ. ‘ಮೂರನೆಯ ಮಗಳು ಹುಟ್ಟಿದ ದಿನ ನನ್ನ ತಂದೆ ಮನೆಯ ಬೈಬಲ್ ತೆರೆದು, ನನ್ನ ಹೆಸರಿನ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದರು. ನಾನು ಪಕ್ಕದ ಕೋಣೆಯಲ್ಲಿ ಮಗುವಿಗೆ ಹಾಲು ಕೊಡುತ್ತಿದ್ದೆ. ಅವರು ಹಸಿ ಶಾಯಿಯ ಮೇಲೆ ಬ್ಲಾಟಿಂಗ್ ಪೇಪರ್ ಒತ್ತುವ ಸದ್ದು ಕೇಳಿತು. ನಲವತ್ತೊಂದು ವರ್ಷ ಆ ಗೆರೆಯ ಕೆಳಗೆ ಬದುಕಿದೆ. ಅದನ್ನು ಅಳಿಸಬಹುದೆಂದು ನನಗೇ ಹೊಳೆದಿರಲಿಲ್ಲ. ಪುಸ್ತಕದಲ್ಲಿ ಸರಿಯಾದದ್ದೇ ಬರಬೇಕು, ಪದವಿಯ ಕಾನೂನು ಕಾನೂನೇ. ತಪ್ಪಿದ ಹಾಳೆಯನ್ನು ಹರಿಯದೆ ನನಗೆ ಕಳಿಸಿ, ಗೋಡೆಗೆ ಹಾಕಿಸುತ್ತೇನೆ. ಎಳೆದವನನ್ನು ಕೆಲಸದಿಂದ ತೆಗೆಯಬೇಡಿ. ಅವನ ಮನೆಯ ವೃಕ್ಷವನ್ನೂ ಹಾಗೆಯೇ ಎಳೆದು ಕಳಿಸಲು ಹೇಳಿ. ನೋಡುವ ಆಸೆ.’

“ಎಳೆದವನು! ನನ್ನನ್ನು ಗಂಡಸು ಮಾಡಿದಳಲ್ಲ ಮೊರಾಗಕ್ಕ!” ಎಂದು ಕಮಲಕ್ಕ ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. ನಗುತ್ತಾ ಕಣ್ಣು ಒರೆಸಿಕೊಂಡಳು. ತಾರಾನಾಥ ಸರ್ ಕಿಟಕಿಯ ಹತ್ತಿರ ಹೋಗಿ ಮೂಗು ಒರೆಸಿಕೊಂಡು ಬಂದು, “ಸೋಮವಾರದಿಂದ ಕಂಪ್ಯೂಟರಿಗೆ ಬನ್ನಿ ಕಮಲಕ್ಕ” ಎಂದರು. ನನಗೆ ಒಂದು ಎಚ್ಚರಿಕೆ ಪತ್ರ ಸಿಕ್ಕಿತು. ಅದು ಇನ್ನೂ ನನ್ನ ಪೆಟ್ಟಿಗೆಯಲ್ಲಿ ಉಂಟು.

ಸರಿಯಾದ ವೃಕ್ಷವನ್ನು ಕಮಲಕ್ಕ ಮತ್ತೆ ಕೈಯಲ್ಲೇ ಎಳೆದಳು. “ಅವರ ಕ್ರಮ ಅವರಿಗೆ” ಎಂದು ಗಂಡಸರನ್ನೆಲ್ಲ ಅವರವರ ಜಾಗಕ್ಕೆ ತಂದು ಕೂರಿಸಿದಳು. ಮೊರಾಗಕ್ಕನ ಕೆಳಗಿನ ಜೋಡುಗೆರೆಯನ್ನು ಕೊನೆಗೆ ಇಟ್ಟಿದ್ದಳು. ಅದನ್ನು ಎಳೆದು ಎದ್ದುಹೋಗಿ ಕೈ ತೊಳೆದುಕೊಂಡು ಬಂದಳು.

ಆಮೇಲೆ ತನ್ನದು. ಹನ್ನೊಂದು ತಲೆಯ ತಾಯಂದಿರ ಹೆಸರು ಅವಳಿಗೆ ಬಾಯಿಪಾಠ: ಮುತ್ತು, ಸೇಸಿ, ಅಕ್ಕು, ಬಾಗಿ, ಲಚ್ಚು, ದುಗ್ಗು... ಒಬ್ಬೊಬ್ಬರಿಂದ ಒಡೆದ ಕವರುಗಳು, ಅಣ್ಣತಮ್ಮಂದಿರು, ಬೋಟಿನಲ್ಲಿ ಹೋದವರು. ಬೈಂಡಿಂಗಿನ ಅನ್ನಪೂರ್ಣ ಚಹಾ ಹಿಡಿದು ಬಂದು ನೋಡುತ್ತಾ ನಿಂತಳು. ಅವಳು ಬಾಗಲಕೋಟೆ ಕಡೆಯವಳು, ಗಂಡ ಮಣಿಪಾಲದಲ್ಲಿ ಕಟ್ಟಡದ ಕೆಲಸಕ್ಕೆ ಬಂದಿದ್ದ. ಕಮಲಕ್ಕ ಎಲ್ಲಕ್ಕಿಂತ ಕೆಳಗೆ ‘ಕಮಲ’ ಎಂದು ಬರೆದು, ಬದಿಯಲ್ಲಿ ಸಣ್ಣದಾಗಿ ಕಿಟ್ಟ, ಯಶ್ವಂತ್ ಎಂದು ಬರೆದಳು. ಆಮೇಲೆ ಸ್ಕೇಲ್ ಇಟ್ಟು ತನ್ನ ಹೆಸರಿನ ಕೆಳಗೆ ಒಂದು ಗೆರೆ. ಅದರ ಕೆಳಗೆ ಇನ್ನೊಂದು.

ಅನ್ನಪೂರ್ಣ ಬಾಯಿಯ ಮೇಲೆ ಕೈಯಿಟ್ಟಳು. “ಅಯ್ಯ ಯಕ್ಕಾ, ಏನ್ ಮಾಡಾಕತ್ತೀರಿ? ಹುಲಿಯಂಥ ಇಬ್ರು ಗಂಡಮಕ್ಕಳ ಅದಾರ. ನಮ್ಮ ಕಡಿ ಆಗಿದ್ರ ಊರಿಗೆಲ್ಲ ಸಕ್ಕರಿ ಹಂಚ್ತಿದ್ರು.”

ನನಗಂತೂ ತಡೆಯಲಾಗಲಿಲ್ಲ. “ಎಂತ ಮರುಳು ಕಮಲಕ್ಕ ನಿಮಗೆ? ಅವಳಿಗೆ ಅಳಿಸಿದಿರಿ, ನಿಮಗೆ ನೀವೇ ಹಾಕಿಕೊಳ್ಳುವುದಾ?”

“ಅವಳದ್ದು ತಪ್ಪಿತ್ತು, ಅಳಿಸಿದೆ. ನನ್ನದು ತಪ್ಪಿಲ್ಲ” ಎಂದು ಕಡ್ಡಿ ಮುರಿದ ಹಾಗೆ ಹೇಳಿ, ಶಾಯಿ ಒಣಗಲೆಂದು ಊದಿದಳು.

ಹಾಳೆ ಮೊರಾಗಕ್ಕನಿಗೆ ಹೋಯಿತು; ಹೆಸರುಗಳ ವಿವರ, ಕಮಲಕ್ಕನ ಹಳೆಯ ಚೀಟಿಯ ಮಾತು, ವಿಳಾಸ ಎಲ್ಲ ನಾನು ಇಂಗ್ಲಿಷಿನಲ್ಲಿ ಬರೆದು ಜೊತೆಗಿಟ್ಟೆ. ಪುಸ್ತಕ ಅಚ್ಚಾಗಿದ್ದು ಸ್ಕಾಟ್ಲೆಂಡಿನ ಕಡೆಯೇ. ಲೇಡಿಯ ಸೊಂಟ ಮುರಿಯಿತು, ಅದು ಇದು ಎಂದು ಎರಡು ವರ್ಷ ಹಿಡಿಯಿತು. ಕಮಲಕ್ಕ ಕಂಪ್ಯೂಟರ್ ಕಲಿತಳು. ಅದರಲ್ಲಿ ಗೆರೆ ತಾನಾಗಿ ನೆಟ್ಟಗೆ ಬರುತ್ತದೆಂದು ಅವಳಿಗೆ ಬೇಸರ. ಕಿಟ್ಟನಿಗೆ ಮದುವೆಯಾಗಿ ಹೆಣ್ಣುಮಗು ಹುಟ್ಟಿತು, ಸೌಮ್ಯಶ್ರೀ ಎಂದು ಹೆಸರಿಟ್ಟರು. ಬಸ್ಸಿನಲ್ಲಿ ಎಲ್ಲರಿಗೂ ಮಿಠಾಯಿ ಕೊಟ್ಟ ಮೇಲೆ ಕಮಲಕ್ಕ ಮೆಲ್ಲಗೆ ನನಗೆ ಮಾತ್ರ ಕೇಳುವ ಹಾಗೆ, “ಜೆರ್ಟಿ ಬಾಯಿ, ಮಗುವಿನ ಮೂಗು ನನ್ನದೇ. ಆದರೆ ಮಗು ಅವಳ ತಾಯಿ ಮನೆಯದ್ದು” ಎಂದಳು.

2001ರ ಫೆಬ್ರವರಿಯ ಒಂದು ಬೆಳಿಗ್ಗೆ ಕಟಪಾಡಿ ಸ್ಟಾಪಿನಲ್ಲಿ ಅವಳು ಒಂದು ಪಾರ್ಸೆಲ್ ಹಿಡಿದು ನನಗೆ ಕಾಯುತ್ತಿದ್ದಳು. ಹಿಂದಿನ ದಿನ ಕಾಪು ಪೋಸ್ಟಿಗೆ ಬಂದದ್ದಂತೆ. ಬಿಚ್ಚಿರಲಿಲ್ಲ. “ಒಬ್ಬಳೇ ಹೇಗೆ ಬಿಚ್ಚುವುದು?” ಎಂದಳು. ಹಣ್ಣಿನ ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತು ಬಿಚ್ಚಿದೆವು. ಮೊರಾಗಕ್ಕನ ಪುಸ್ತಕ, ಹಸಿರು ರಟ್ಟು, ಚಿನ್ನದ ಅಕ್ಷರ. ಒಳಗೆ ನಾಲ್ಕಾಗಿ ಮಡಚಿದ ಅವಳದೇ ಹಾಳೆ, ಅದಕ್ಕೊಂದು ಚೀಟಿ ಪಿನ್ ಮಾಡಿತ್ತು. ನಾನು ಓದಿ ಹೇಳಿದೆ.

‘ಪ್ರೀತಿಯ ಕಮಲ, ನಮ್ಮ ಕಡೆಯ ಕ್ರಮದಲ್ಲಿ ಇಬ್ಬರು ಗಂಡುಮಕ್ಕಳ ತಾಯಿಯ ಕೆಳಗೆ ಈ ಗೆರೆ ಬರುವುದಿಲ್ಲ. ನನಗೆ ತಿಳಿದಂತೆ ಸರಿ ಮಾಡಿದ್ದೇನೆ. – ಮೊರಾಗ್.’

ಕಮಲಕ್ಕ ಹಾಳೆ ಬಿಡಿಸಿ ಮಡಿಲಲ್ಲಿ ಹರಡಿದಳು. ಅವಳ ಹೆಸರಿನ ಕೆಳಗೆ ಕಾಗದ ಎದ್ದು, ನಾರು ನಾರಾಗಿ, ಒಂದು ಕಡೆ ತೂತೇ ಬಿದ್ದಿತ್ತು. ಮುದುಕಿ ಯಾವುದೋ ಅಡುಗೆಮನೆಯ ಚೂರಿಯಲ್ಲಿ ಕೆರೆದಿರಬೇಕು. ಮೇಲಿನ ಗೆರೆ ಹೋಗಿತ್ತು. ಕೆಳಗಿನದು ಮುಕ್ಕಾಲು ಹಾಗೇ ಇತ್ತು.

ಕಮಲಕ್ಕ ಆ ಜಾಗದ ಮೇಲೆ ಹೆಬ್ಬೆರಳು ಆಡಿಸಿದಳು. ತುಂಬ ಹೊತ್ತು ಆಡಿಸಿದಳು. “ಬ್ಲೇಡು ಹಿಡಿಯಲಿಕ್ಕೇ ಗೊತ್ತಿಲ್ಲ ಇವಳಿಗೆ” ಎಂದಳು. “ನೋಡಿ ಬಾಯಿ, ಹೇಗೆ ಮಾಡಿಟ್ಟಿದ್ದಾಳೆ. ಹೀಗೆ ಅರ್ಧಂಬರ್ಧ ಬಿಟ್ಟರೆ ನೋಡಿದವರು ಎಂತ ಹೇಳಿಯಾರು?”

ಎಂಟು ಗಂಟೆಯ ಬಸ್ಸು ಬಂತು. ಕಂಡಕ್ಟರ್ ನಮ್ಮನ್ನು ನೋಡಿ ಎರಡು ಸಲ ಸೀಟಿ ಊದಿದ. ನಾನು ಎದ್ದೆ. ಕಮಲಕ್ಕ ಏಳಲಿಲ್ಲ. ಕನ್ನಡಕದ ಡಬ್ಬಿ ತೆಗೆದು ಅರ್ಧ ಬ್ಲೇಡು ಹೊರತೆಗೆದಳು. ಮೊರಾಗಕ್ಕನ ಪುಸ್ತಕವನ್ನು ಮೊಣಕಾಲ ಮೇಲಿಟ್ಟು, ಅದರ ಮೇಲೆ ಹಾಳೆಯಿಟ್ಟು, ಉಸಿರು ಬಿಗಿಹಿಡಿದು, ಉಳಿದ ಗೆರೆಯನ್ನು ಬಲತುದಿಯಿಂದ ಸ್ವಲ್ಪಸ್ವಲ್ಪವೇ ಕೆರೆಯತೊಡಗಿದಳು.

“ಬಸ್ಸು ಹೋಗುತ್ತದೆ ಕಮಲಕ್ಕ” ಎಂದೆ.

“ಹೋಗಲಿ” ಎಂದಳು. “ಎಂಟೂಕಾಲಿಗೆ ಇನ್ನೊಂದು ಉಂಟಲ್ಲ.”